ಆರು ತಿಂಗಳ ಜರ್ಮನಿಗೆ ತೋಟ ಅಡವಿಡಬೇಕಾ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯವರು, ಮುಳ್ಳೇರಿಯದಿಂದ ಇನ್ನೂ ಒಳಗೆ. ಎರಡೂವರೆ ಎಕರೆ ಅಡಿಕೆ ತೋಟ ಇದೆ, ಅದರಲ್ಲಿ ಅರ್ಧಕ್ಕೆ ಹಳದಿ ರೋಗ. ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಮಂಗಳೂರಿನಲ್ಲಿ ಬಯೋಟೆಕ್ನಾಲಜಿ ಬಿ.ಟೆಕ್, ನಾಲ್ಕನೇ ಸೆಮಿಸ್ಟರ್. ಅವಳ ಕಾಲೇಜಿಗೆ ಜರ್ಮನಿಯ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಇದೆಯಂತೆ. ಐದನೇ ಸೆಮಿಸ್ಟರ್ ಅಲ್ಲಿ ಓದಲು ಅವಳ ಹೆಸರು ಬಂದಿದೆ. ಫೀಸ್ ಇಲ್ಲ, ಆದರೆ ಒಟ್ಟು ಏಳು ಲಕ್ಷ ಬೇಕು ಎನ್ನುತ್ತಾರೆ. ತೋಟದ ಮೇಲೆ ಸಾಲ ತೆಗೆಯಬೇಕಷ್ಟೆ. "ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ, ಸುಮ್ನೆ ತಿರುಗಾಟ" ಅಂತ ನನ್ನ ಅಣ್ಣ ಹೇಳುತ್ತಾರೆ. ಪರಿಚಯದ ಒಬ್ಬ ಏಜೆಂಟರು "ಒಮ್ಮೆ ಹೋದರೆ ಅಲ್ಲೇ ಸೆಟಲ್ ಆಗಬಹುದು" ಎನ್ನುತ್ತಾರೆ. ಅವಳ ಇಂಗ್ಲಿಷ್ ಸಾಕಾಗುತ್ತದಾ ಎಂಬ ಹೆದರಿಕೆಯೂ ಇದೆ. ಕಳಿಸಬೇಕಾ, ಬೇಡವಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ನಿಮ್ಮದೇ ಜಿಲ್ಲೆಯವಳು, ಮಂಜೇಶ್ವರದ ಕಡೆ. ಮಂಗಳೂರಿನ ಒಂದು ಕಾಲೇಜಿನಲ್ಲಿ ಹದಿನಾರು ವರ್ಷ, ಮಕ್ಕಳನ್ನು ಹೀಗೆ ಹೊರದೇಶದ ವಿಶ್ವವಿದ್ಯಾಲಯಕ್ಕೆ ಕಳಿಸುವ ವಿನಿಮಯ ವಿಭಾಗ ನೋಡಿಕೊಂಡೆ. ನನ್ನ ಮೇಜಿನ ಎದುರು ಕೂತು ಇದೇ ಮಾತು ಕೇಳಿದ ಅಪ್ಪ ಅಮ್ಮಂದಿರು ಎಷ್ಟೋ ಮಂದಿ. ಸಾಲದ ಹಣ ಕೈಬಿಟ್ಟ ಮೇಲೆ ಮಗಳ ಕೈಗೆ ಏನು ಬರುತ್ತದೆ ಎಂಬುದೇ ನಿಮ್ಮ ಚಿಂತೆ. ಅದು ಸರಿಯಾದ ಚಿಂತೆ.

ಮೊದಲು ನಿಮ್ಮ ಅಣ್ಣನ ಮಾತು ಮತ್ತು ಏಜೆಂಟರ ಮಾತು. ಎರಡರಲ್ಲೂ ಸ್ವಲ್ಪ ನಿಜ ಇದೆ, ಜಾಸ್ತಿ ತಪ್ಪಿದೆ.

ಡಿಗ್ರಿ ಸಿಗುವುದಿಲ್ಲ, ಅದು ನಿಜ. ವಿನಿಮಯದಲ್ಲಿ ಹೋದವರಿಗೆ ಅಲ್ಲಿಂದ ಬರುವುದು ಅಂಕಪಟ್ಟಿ ಮಾತ್ರ. ಡಿಗ್ರಿ ಮಂಗಳೂರಿನದ್ದೇ. ಜಂಟಿ ಪದವಿ, ಟ್ವಿನಿಂಗ್ (ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ ಓದುವುದು) ಅಂತ ಬೇರೆ ವ್ಯವಸ್ಥೆಗಳಿವೆ, ಅವಕ್ಕೆ ಯುಜಿಸಿ 2022ರಲ್ಲಿ ಪ್ರತ್ಯೇಕ ನಿಯಮ ಮಾಡಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾರಾದರೂ ಎರಡನ್ನೂ ಕಲಸಿ ಹೇಳಿದರೆ ಅಲ್ಲೇ ನಿಲ್ಲಿಸಿ ಕೇಳಿ.

"ಅಲ್ಲೇ ಸೆಟಲ್" ಎಂಬ ಮಾತನ್ನು ತಲೆಯಿಂದ ತೆಗೆದುಹಾಕಿ. ಓದು ಮುಗಿಸಿದ ಮೇಲೆ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ, ಆದರೆ ಅದು ಅಲ್ಲಿ ಪದವಿ ಮುಗಿಸಿದವರಿಗೆ. ಒಂದು ಸೆಮಿಸ್ಟರ್‌ಗೆ ಹೋದವರು ವೀಸಾ ಮುಗಿಯುವ ಮೊದಲು ವಾಪಸ್ ಬರಬೇಕು. ಇನ್ನೊಂದು ವಿಷಯ, ಕಾಲೇಜಿನ ಒಪ್ಪಂದದ ಮೇಲೆ ಹೋಗುವವರಿಗೆ ಏಜೆಂಟರ ಅಗತ್ಯವೇ ಇಲ್ಲ. ಹೆಸರು ಕಳಿಸುವುದು ಕಾಲೇಜು, ಒಪ್ಪಿಗೆ ಪತ್ರ ಕಳಿಸುವುದು ಅಲ್ಲಿನ ವಿಶ್ವವಿದ್ಯಾಲಯ. ನಡುವೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಈಗ ಏಳು ಲಕ್ಷದ ಲೆಕ್ಕ. ಇದನ್ನು ಬಿಡಿಸಿ ನೋಡಿದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಜರ್ಮನಿಯ ವೀಸಾಕ್ಕೆ "ಅಲ್ಲಿರುವಷ್ಟು ದಿನ ಊಟ ವಸತಿಗೆ ಹಣ ಇದೆ" ಎಂದು ತೋರಿಸಬೇಕು. ಅದಕ್ಕೆ ಬ್ಲಾಕ್ಡ್ ಅಕೌಂಟ್ ಎಂಬ ಖಾತೆ. 2024ರ ಸೆಪ್ಟೆಂಬರ್‌ನಿಂದ ಇದರ ಲೆಕ್ಕ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904. ಆರು ತಿಂಗಳಿಗಾದರೆ 5,952 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೆ ಆರು ಲಕ್ಷದ ಹತ್ತಿರ. ಮೇಲಿನ ಒಂದು ಲಕ್ಷ ವಿಮಾನ, 75 ಯೂರೋ ವೀಸಾ ಶುಲ್ಕ, ಕಾಗದಪತ್ರ, ಒಂದು ಒಳ್ಳೆ ಚಳಿಯ ಕೋಟು.

ಬ್ಲಾಕ್ಡ್ ಅಕೌಂಟಿನ ಹಣವನ್ನು ಜರ್ಮನ್ ಸರಕಾರ ತೆಗೆದುಕೊಳ್ಳುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಅದು ನಿಮ್ಮ ಮಗಳ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು 992ರಂತೆ ಅವಳ ಖಾತೆಗೇ ಬರುತ್ತದೆ. ವಿದ್ಯಾರ್ಥಿ ಹಾಸ್ಟೆಲಿನ ಕೋಣೆ ಸಿಕ್ಕಿದರೆ ಬಾಡಿಗೆ 300ರಿಂದ 400, ಆರೋಗ್ಯ ವಿಮೆ 140ರ ಮೇಲೆ, ಮನೆಯಲ್ಲೇ ಅಡಿಗೆ ಮಾಡಿದರೆ ಊಟಕ್ಕೆ 200. ಹಿಡಿದು ಖರ್ಚು ಮಾಡುವ ಮಕ್ಕಳು 800ರಲ್ಲಿ ತಿಂಗಳು ಕಳೆದದ್ದನ್ನು ನೋಡಿದ್ದೇನೆ. ಅಂದರೆ ಒಂದು ಲಕ್ಷದಷ್ಟು ವಾಪಸ್ ಬರಬಹುದು. ಹಾಸ್ಟೆಲ್ ಸಿಗದೆ ಹೊರಗೆ ಕೋಣೆ ಹಿಡಿದರೆ ಈ ಲೆಕ್ಕ ಬುಡಮೇಲು. ಆದ್ದರಿಂದ ಒಪ್ಪಿಗೆ ಪತ್ರ ಬಂದ ದಿನವೇ ಹಾಸ್ಟೆಲಿಗೆ ಅರ್ಜಿ ಹಾಕಬೇಕು.

ಅಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಿ ಸಾಲ ತೀರಿಸುತ್ತೇನೆ ಎಂದು ಮಗಳು ಹೇಳಿದರೆ ನಂಬಬೇಡಿ, ಪಾಪ, ಅವಳು ನಿಮ್ಮ ಮೇಲಿನ ಕಾಳಜಿಯಿಂದ ಹೇಳುತ್ತಾಳೆ. ಕಾನೂನು ವರ್ಷಕ್ಕೆ 140 ಪೂರ್ತಿ ದಿನ ಕೆಲಸಕ್ಕೆ ಬಿಡುತ್ತದೆ. ಆದರೆ ಐದಾರು ತಿಂಗಳಿಗೆ ಹೋದ, ಜರ್ಮನ್ ಭಾಷೆ ಬಾರದ ಹುಡುಗಿಗೆ ಕೆಲಸ ಸಿಗುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಆ ಆದಾಯವನ್ನು ಸೊನ್ನೆ ಅಂತಲೇ ಬರೆದುಕೊಳ್ಳಿ.

ಹಾಗಾದರೆ ಇಷ್ಟಕ್ಕೆ ಏನು ಸಿಗುತ್ತದೆ? ಇಲ್ಲಿ ನಾನು ಸ್ವಲ್ಪ ನಿಂತು ಹೇಳಬೇಕು.

ಯುರೋಪಿನಲ್ಲಿ ಎರಾಸ್ಮಸ್ ಎಂಬ ವಿನಿಮಯ ಯೋಜನೆ 1987ರಿಂದ ನಡೆಯುತ್ತಿದೆ. 2014ರಲ್ಲಿ ಯುರೋಪಿಯನ್ ಕಮಿಷನ್ ಅದರ ಫಲ ಏನೆಂದು ಅಧ್ಯಯನ ಮಾಡಿಸಿತು. ಬೇರೆ ದೇಶಕ್ಕೆ ಹೋಗಿ ಓದಿ ಬಂದವರು ದೀರ್ಘಕಾಲ ಕೆಲಸವಿಲ್ಲದೆ ಕೂರುವ ಸಂಭವ, ಹೋಗದವರಿಗಿಂತ ಅರ್ಧದಷ್ಟು ಎಂದು ಅದರಲ್ಲಿ ಬಂತು. ಈ ಮಾತು ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. ಆದರೆ ಹೋಗುವವರು ಯಾರು ಎಂದೂ ನೋಡಬೇಕು ಅಲ್ವಾ? ಮೊದಲೇ ಚುರುಕು ಇದ್ದವರು, ಮನೆಯಲ್ಲಿ ಅನುಕೂಲ ಇದ್ದವರು ಜಾಸ್ತಿ ಹೋಗುತ್ತಾರೆ. ಅವರಿಗೆ ಹೋಗದಿದ್ದರೂ ಕೆಲಸ ಸಿಗುತ್ತಿತ್ತೋ ಏನೋ. ಹಾಗಾಗಿ ಆ ಅಂಕಿಯನ್ನು ನೋಡಿ ತೋಟ ಅಡವಿಡುವುದು ಸರಿಯಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೋಗಿ ಬಂದ ಮಕ್ಕಳು ಎರಡು ಥರ. ಕೆಲವರ ಕೈಯಲ್ಲಿ ಫೋಟೊ ಇರುತ್ತದೆ, ಬೇರೆ ಏನೂ ಇರುವುದಿಲ್ಲ. ಕೆಲವರು ಮಾತಾಡುವ ರೀತಿಯೇ ಬದಲಾಗಿರುತ್ತದೆ. ಈ ವ್ಯತ್ಯಾಸ ಬುದ್ಧಿಯಿಂದ ಬಂದದ್ದಲ್ಲ, ದುಡ್ಡಿನಿಂದಲೂ ಅಲ್ಲ. ಹೋಗುವಾಗ ಒಂದು ಪ್ರಶ್ನೆ ಇಟ್ಟುಕೊಂಡು ಹೋದವರು ಏನಾದರೂ ತಂದರು. ಖಾಲಿ ಕೈಯಲ್ಲಿ ಹೋದವರು ಹಾಗೇ ಬಂದರು.

ನಿಮ್ಮ ಮನೆಯಲ್ಲಿ ಪ್ರಶ್ನೆ ಇದೆ. ನೀವೇ ಬರೆದಿದ್ದೀರಿ, ಅರ್ಧ ತೋಟಕ್ಕೆ ಹಳದಿ ರೋಗ. ಅದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅಂತ ಮಗಳು ಕ್ಲಾಸಿನಲ್ಲಿ ಓದಿರುತ್ತಾಳೆ. ಅದನ್ನು ಲ್ಯಾಬಿನಲ್ಲಿ ಬೇರೆಯಾಗಿ ಬೆಳೆಸುವುದು ಬಹಳ ಕಷ್ಟ, ಡಿಎನ್‌ಎ ಪರೀಕ್ಷೆಯಿಂದಲೇ ಹಿಡಿಯಬೇಕು. ಇದೇ ಗುಂಪಿನ ಜೀವಿಗಳು ಯುರೋಪಿನಲ್ಲಿ ಸೇಬು ಮತ್ತು ದ್ರಾಕ್ಷಿಗೆ ರೋಗ ತರುತ್ತವೆ. ಜರ್ಮನಿಯಲ್ಲಿ ಅದರ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಹಾಗಂತ ನಿಮ್ಮ ಮಗಳು ಆರು ತಿಂಗಳಲ್ಲಿ ಮದ್ದು ಕಂಡುಹಿಡಿದು ಬರುತ್ತಾಳೆ ಎಂದು ನಾನು ಹೇಳುತ್ತಿಲ್ಲ. ಗಿಡದ ರೋಗ ಪತ್ತೆ ಮಾಡುವ ವಿಧಾನಗಳ ಒಂದು ಕೋರ್ಸು, ಒಂದು ಲ್ಯಾಬ್ ಪ್ರಾಕ್ಟಿಕಲ್ ಅಲ್ಲಿ ಸಿಗುತ್ತದಾ ಎಂದು ಅವಳು ಈಗಲೇ ಕೋರ್ಸ್ ಪಟ್ಟಿ ತೆಗೆದು ನೋಡಲಿ. ಸಿಕ್ಕಿದರೆ ಆ ಆರು ತಿಂಗಳಿಗೆ ಒಂದು ಗುರಿ ಬಂತು. ವಾಪಸ್ ಬಂದ ಮೇಲೆ ಕಾಸರಗೋಡಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ, ವಿಟ್ಲದಲ್ಲಿ ಅದರ ಅಡಿಕೆ ಸಂಶೋಧನಾ ಕೇಂದ್ರ ಇದೆ. ಕೊನೆ ವರ್ಷದ ಪ್ರಾಜೆಕ್ಟಿಗೆ ಅಲ್ಲಿ ಹೋಗಿ ಕೇಳುವಾಗ "ಈ ಪರೀಕ್ಷೆಯನ್ನು ನಾನು ಕೈಯಾರೆ ಮಾಡಿದ್ದೇನೆ" ಎನ್ನಬಹುದು. ಆ ಮಾತಿಗೆ ಬೆಲೆ ಇದೆ.

ಇಂಗ್ಲಿಷಿನ ಹೆದರಿಕೆಗೆ ಬರುತ್ತೇನೆ. ಇದರಲ್ಲಿ ನಾನು ನಿಮಗೆ ಧೈರ್ಯವಾಗಿ ಹೇಳಬಲ್ಲೆ. ಪೆರ್ಲದ ಕಡೆಯ ಒಬ್ಬಳು ಹುಡುಗಿಯನ್ನು ಕಳಿಸಿದ್ದೆವು, ಅವಳದ್ದೂ ಕನ್ನಡ ಮೀಡಿಯಂ. ಹೋದ ಮೂರನೇ ವಾರ ಅಳುತ್ತಾ ಫೋನ್ ಮಾಡಿದಳು. ಪಾಠ ಅರ್ಥವಾಗುತ್ತದೆ, ಆದರೆ ಕ್ಲಾಸಿನಲ್ಲಿ "ನಿನಗೇನು ಅನಿಸುತ್ತದೆ" ಎಂದು ಕೇಳಿದರೆ ಬಾಯಿ ಬರುವುದಿಲ್ಲ ಎಂದಳು. ವಾಪಸ್ ಬಂದ ಮೇಲೆ ನನಗೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತೋರಿಸಿದಳು. ಪ್ರತಿ ಕ್ಲಾಸಿನ ಹಿಂದಿನ ರಾತ್ರಿ ಎಡಗಡೆ ಪುಟದಲ್ಲಿ ಕನ್ನಡದಲ್ಲಿ ಮೂರು ಪ್ರಶ್ನೆ, ಬಲಗಡೆ ಅದರ ಇಂಗ್ಲಿಷ್. ಮೊದಲ ಪುಟಗಳಲ್ಲಿ ಇಂಗ್ಲಿಷ್ ಸಾಲು ಹೊಡೆದು ಹೊಡೆದು ಬರೆದದ್ದು. ಜನವರಿ ಹೊತ್ತಿಗೆ ಎಡಗಡೆ ಪುಟ ಖಾಲಿಯಾಗಿತ್ತು. ಆ ಖಾಲಿ ಪುಟಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ನಮ್ಮ ಗಡಿಯ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಪಂಚಾಯತಿನಲ್ಲಿ ಮಲಯಾಳ. ತನ್ನದಲ್ಲದ ಭಾಷೆಯ ಆಫೀಸಿನಲ್ಲಿ ಅರ್ಜಿ ತುಂಬಿಸುವುದು, ಅರ್ಧ ತಿಳಿದ ಮಾತಿನಲ್ಲಿ ಕೆಲಸ ಮಾಡಿಸಿಕೊಳ್ಳುವುದು ಇವರಿಗೆ ಹೊಸದಲ್ಲ. ಜರ್ಮನಿಯಲ್ಲಿ ಕೋಣೆ ಸಿಕ್ಕಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಎಲ್ಲ ಜರ್ಮನ್‌ನಲ್ಲೇ. ದೊಡ್ಡ ನಗರದಿಂದ ಬಂದ ಮಕ್ಕಳು ಅಲ್ಲಿ ಕಂಗಾಲಾದಾಗ ಕುಂಬಳೆಯ ಹುಡುಗ ಕೈಸನ್ನೆಯಲ್ಲೇ ಕೆಲಸ ಮುಗಿಸಿ ಬಂದದ್ದು ನನಗೆ ಗೊತ್ತು. ಅಲ್ಲಿ ಪಾಠ ಶುರುವಾಗುವುದು ಅಕ್ಟೋಬರಿನಲ್ಲಿ, ಹಾಗಾಗಿ ಹೇಗೂ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಬಿಡುವು ಸಿಗುತ್ತದೆ. ಆಗ ಜರ್ಮನ್‌ನ ಮೊದಲ ಹಂತ ಕಲಿಯಲಿ, ಸಾಕು.

ನನಗೆ ನಿಜವಾದ ಹೆದರಿಕೆ ಇರುವುದು ಬೇರೆ ಎರಡು ಕಡೆ.

ಒಂದು, ಕ್ರೆಡಿಟ್, ಅಂದರೆ ಪ್ರತಿ ಕೋರ್ಸಿಗೆ ಅದರ ಓದಿನ ಹೊರೆ ನೋಡಿ ಕೊಡುವ ಅಂಕಿ. ಬಿ.ಟೆಕ್‌ಗೆ ಒಟ್ಟು ಸುಮಾರು 160 ಕ್ರೆಡಿಟ್, ಅಂದರೆ ಸೆಮಿಸ್ಟರ್‌ಗೆ 20ರ ಹತ್ತಿರ. ಅಲ್ಲಿ ಸೆಮಿಸ್ಟರ್‌ಗೆ 30 ಯುರೋಪಿಯನ್ ಕ್ರೆಡಿಟ್. ಅಲ್ಲಿ ಓದಿದ ಯಾವ ಕೋರ್ಸು ಇಲ್ಲಿನ ಯಾವ ಪೇಪರಿಗೆ ಸಮ ಎಂದು ಹೋಗುವ ಮೊದಲೇ ಬರೆದು ಸಹಿ ಹಾಕಿಸಬೇಕು. ಅದಕ್ಕೆ ಲರ್ನಿಂಗ್ ಅಗ್ರಿಮೆಂಟ್ ಎನ್ನುತ್ತಾರೆ. "ಬಂದ ಮೇಲೆ ನೋಡೋಣ" ಎಂದು ವಿಭಾಗದವರು ಹೇಳಿದರೆ ಒಪ್ಪಬೇಡಿ. ಬಂದ ಮೇಲೆ ವಿಭಾಗದ ಮುಖ್ಯಸ್ಥರು ಬದಲಾಗಿರುತ್ತಾರೆ, ಸಿಲಬಸ್ ಬದಲಾಗಿರುತ್ತದೆ. ಹಾಗೆ ಬಾಯಿಮಾತು ನಂಬಿ ಹೋದ ಒಬ್ಬ ಹುಡುಗ ವಾಪಸ್ ಬಂದು ಐದನೇ ಸೆಮಿಸ್ಟರಿನ ಮೂರು ಪೇಪರನ್ನು ಜೂನಿಯರ್‌ಗಳ ಜೊತೆ ಕೂತು ಬರೆದ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಾಗದ ಕೇಳಬೇಕಿತ್ತು, ಕೇಳಿರಲಿಲ್ಲ. ಅವನ ತಾಯಿ ನನ್ನ ಆಫೀಸಿಗೆ ಬಂದು ಒಂದು ಮಾತೂ ಆಡದೆ ಕೂತದ್ದು ಇನ್ನೂ ಕಣ್ಣ ಮುಂದೆ ಇದೆ. ಆ ದಿನದಿಂದ ಸಹಿ ಇಲ್ಲದೆ ಯಾರನ್ನೂ ಕಳಿಸಲಿಲ್ಲ.

ಕ್ಯಾಲೆಂಡರೂ ಹೊಂದುವುದಿಲ್ಲ. ನಮ್ಮ ಐದನೇ ಸೆಮಿಸ್ಟರ್ ಆಗಸ್ಟಿನಿಂದ ಡಿಸೆಂಬರ್. ಅವರ ಚಳಿಗಾಲದ ಸೆಮಿಸ್ಟರಿನ ಪಾಠ ಅಕ್ಟೋಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ, ಆಮೇಲೆ ಪರೀಕ್ಷೆ. ಅವಳು ಮಾರ್ಚಿಗೆ ವಾಪಸ್ ಬರುವಾಗ ಇಲ್ಲಿ ಆರನೇ ಸೆಮಿಸ್ಟರ್ ಶುರುವಾಗಿ ಮೂರು ನಾಲ್ಕು ವಾರ ಕಳೆದಿರುತ್ತದೆ. ಆ ವಾರಗಳ ಹಾಜರಿಗೆ ವಿನಾಯಿತಿ ಬರಹದಲ್ಲಿ ಬೇಕು. ಆರನೇ ಸೆಮಿಸ್ಟರಿಗೆ ಹೋದರೆ? ಅವರ ಬೇಸಿಗೆ ಸೆಮಿಸ್ಟರ್ ಏಪ್ರಿಲಿನಿಂದ, ಪರೀಕ್ಷೆ ಆಗಸ್ಟಿನವರೆಗೂ ಎಳೆಯುತ್ತದೆ. ಅಷ್ಟರಲ್ಲಿ ಇಲ್ಲಿ ಏಳನೇ ಸೆಮಿಸ್ಟರ್ ಮತ್ತು ಕ್ಯಾಂಪಸ್ ಪ್ಲೇಸ್‌ಮೆಂಟ್. ಆದ್ದರಿಂದ ಐದನೆಯದ್ದೇ ವಾಸಿ.

ಎರಡನೆಯ ಹೆದರಿಕೆ, ನವೆಂಬರ್. ಇದನ್ನು ಯಾವ ಬ್ರೋಷರಿನಲ್ಲೂ ಬರೆಯುವುದಿಲ್ಲ. ಸಂಜೆ ನಾಲ್ಕೂವರೆಗೆ ಕತ್ತಲೆ. ಹಾಜರಿ ಕರೆಯುವವರಿಲ್ಲ, ನಡುನಡುವೆ ಇಂಟರ್ನಲ್ಸ್ ಪರೀಕ್ಷೆ ಇಲ್ಲ, ಬಹಳಷ್ಟು ಕೋರ್ಸುಗಳಿಗೆ ಕೊನೆಗೆ ಒಂದೇ ಪರೀಕ್ಷೆ. ಇಲ್ಲಿ 75 ಪರ್ಸೆಂಟ್ ಹಾಜರಿಯ ಹೆದರಿಕೆಯಿಂದ ಎದ್ದು ಹೋಗುತ್ತಿದ್ದ ಮಕ್ಕಳು ಅಲ್ಲಿ ಒಂದು ದಿನ ಕೋಣೆಯಲ್ಲೇ ಉಳಿಯುತ್ತಾರೆ, ಮರುದಿನವೂ ಉಳಿಯುತ್ತಾರೆ. ಮನೆಗೆ ಫೋನ್ ಮಾಡಿ "ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ. ನೀವು "ಊಟ ಆಯ್ತಾ" ಎಂದು ಮಾತ್ರ ಕೇಳಬೇಡಿ. "ಇವತ್ತು ಯಾರ ಜೊತೆ ಮಾತಾಡಿದೆ" ಎಂದು ಕೇಳಿ. ಉತ್ತರ ತಡವಾದರೆ ಕಾಲೇಜಿನ ವಿನಿಮಯ ವಿಭಾಗಕ್ಕೆ ತಿಳಿಸಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹೊರದೇಶದ ಮಕ್ಕಳನ್ನು ನೋಡಿಕೊಳ್ಳುವವರೇ ಇರುತ್ತಾರೆ.

ಅಂಕ ಬಂದಾಗಲೂ ಗಾಬರಿಯಾಗಬೇಡಿ. ಅಲ್ಲಿ 1.0 ಅತ್ಯುತ್ತಮ, 4.0 ಪಾಸ್, 5.0 ಫೇಲ್. "ಮಗನಿಗೆ ಬರೀ 1.7 ಬಂದಿದೆಯಂತೆ, ವರ್ಷ ಹೋಯಿತಾ ಮೇಡಂ" ಎಂದು ಒಬ್ಬರು ತಂದೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದರು. ಅವನು ಕ್ಲಾಸಿನ ಮುಂದಿನ ಸಾಲಿನವನಾಗಿದ್ದ.

ಇನ್ನು ಸಾಲ. ಪದವಿ ಕೊಡದ ಒಂದು ಸೆಮಿಸ್ಟರಿಗೆ ಶಿಕ್ಷಣ ಸಾಲ ಕೊಡಲು ಬ್ಯಾಂಕಿನವರು ಸಾಮಾನ್ಯವಾಗಿ ಹಿಂದೆಮುಂದೆ ನೋಡುತ್ತಾರೆ. ಆಗ ಜನ ಚಿನ್ನ ಅಡವಿಡುತ್ತಾರೆ, ಇಲ್ಲವೇ ತೋಟದ ಆಧಾರಪತ್ರ ಒಯ್ಯುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿ ಕೇಳಿದ್ದೀರಿ, ಹೇಳುತ್ತೇನೆ. ಏಳು ಲಕ್ಷ ಪೂರ್ತಿ ಸಾಲ ಆಗುವುದಾದರೆ, ಅದೂ ರೋಗ ಬಂದ ತೋಟದ ಮೇಲೆ, ಕಳಿಸಬೇಡಿ. ಯಾಕೆಂದರೆ ನಿಮ್ಮ ಮಗಳಿಗೆ ಹೊರಗೆ ಓದುವ ಅವಕಾಶ ಇದೊಂದೇ ಅಲ್ಲ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್‌ಗೂ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರದೇಶದವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಾರೆ, ಬೇರೆ ಕೆಲವು ವಿಶ್ವವಿದ್ಯಾಲಯಗಳೂ ಈಚೆಗೆ ಶುರುಮಾಡಿವೆ. ಅಂದರೆ ಇವತ್ತಿನ ಏಳು ಲಕ್ಷಕ್ಕೆ ಇನ್ನೈದು ಸೇರಿಸಿದರೆ ಎರಡು ವರ್ಷ ಬಿಟ್ಟು ಮಾಸ್ಟರ್ಸ್‌ನ ಮೊದಲ ವರ್ಷದ ಬ್ಲಾಕ್ಡ್ ಅಕೌಂಟ್ ಆಗುತ್ತದೆ. ಅದಕ್ಕೆ ಶಿಕ್ಷಣ ಸಾಲವೂ ಸಿಗುತ್ತದೆ, ಡಿಗ್ರಿಯೂ ಸಿಗುತ್ತದೆ, ಆ 18 ತಿಂಗಳೂ ಸಿಗುತ್ತದೆ. ಮನೆಯಲ್ಲಿ ಒಂದೇ ಸಲಕ್ಕೆ ಆಗುವಷ್ಟು ಹಣ ಇದ್ದರೆ ಅದಕ್ಕೆ ಇಡಿ.

ಆದರೆ ಖರ್ಚಿನ ಅರ್ಧದಷ್ಟಾದರೂ ಸ್ಕಾಲರ್‌ಶಿಪ್ ಸಿಕ್ಕಿದರೆ ಕಳಿಸಿ, ಧೈರ್ಯವಾಗಿ ಕಳಿಸಿ. ಕಾಲೇಜಿನಲ್ಲಿ ಎರಡು ಪ್ರಶ್ನೆ ಕೇಳಿ. ಈ ಒಪ್ಪಂದ ಎರಾಸ್ಮಸ್ ಪ್ಲಸ್‌ನ (ಮೇಲೆ ಹೇಳಿದ ಎರಾಸ್ಮಸ್‌ನ ಈಗಿನ ಹೆಸರು) ಕ್ರೆಡಿಟ್ ಮೊಬಿಲಿಟಿ ಯೋಜನೆಯಲ್ಲಿ ಇದೆಯಾ? ಇದ್ದರೆ ಆಯ್ಕೆಯಾದವರಿಗೆ ತಿಂಗಳಿಗೆ 800ರಿಂದ 900 ಯೂರೋ ಮತ್ತು ಪ್ರಯಾಣದ ಹಣ ಸಿಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯದ ಮೂಲಕ, ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ಸಹಾಯಧನ ಏನಾದರೂ ಇದೆಯಾ? ಸ್ಕಾಲರ್‌ಶಿಪ್ ಪತ್ರ ಇದ್ದರೆ ಆ ಮೊತ್ತಕ್ಕೆ ಬ್ಲಾಕ್ಡ್ ಅಕೌಂಟೂ ಬೇಡ. ಸರಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಬಗ್ಗೆ ಯಾರಾದರೂ ಹೇಳಿದರೆ, ಅದು ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ.

ಈ ಸಲ ಆಗದಿದ್ದರೆ ಹುಡುಗಿ ಮನಸ್ಸು ಸಣ್ಣ ಮಾಡುವುದು ಬೇಡ. ಕೆನಡಾದ ಮಿಟಾಕ್ಸ್ ಗ್ಲೋಬಲಿಂಕ್ ಅಂತ ಇದೆ, 12 ವಾರದ ಸಂಶೋಧನಾ ಇಂಟರ್ನ್‌ಶಿಪ್, ಖರ್ಚು ಅವರೇ ಬಹುಪಾಲು ಕೊಡುತ್ತಾರೆ, ಸ್ಪರ್ಧೆ ಜೋರು. ದೇಶದ ಒಳಗೇ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಇದೆ. ಅದರಲ್ಲಿ ಬೆಂಗಳೂರಿನ ಒಳ್ಳೆ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದವರನ್ನು ಜರ್ಮನಿಯಲ್ಲಿ ಆರು ತಿಂಗಳು ಕಳೆದವರಿಗಿಂತ ಕಡಿಮೆ ಎಂದು ನಾನು ಯಾವತ್ತೂ ಎಣಿಸಿಲ್ಲ.

ಕೊನೆಗೆ ಒಂದು ಸಣ್ಣ ಕೆಲಸ, ಕಳಿಸಲಿ ಬಿಡಲಿ, ಈ ವಾರವೇ ಮಾಡಿ. ಮಗಳ ಎಸ್‌ಎಸ್‌ಎಲ್‌ಸಿ, ಪ್ಲಸ್ ಟು, ಆಧಾರ್, ಪಾಸ್‌ಪೋರ್ಟ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು ನೋಡಿ. ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ಗೋಳು. ಒಂದರಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಅದನ್ನು ಬಿಡಿಸಿ ತಂದೆಯ ಹೆಸರು. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಒಂದು 'ಎಚ್' ಹೆಚ್ಚು ಕಡಿಮೆ ಆಗಿರುತ್ತದೆ. ಉಪ್ಪಳದ ಕಡೆಯ ಒಬ್ಬ ಹುಡುಗನಿಗೆ ಇದೇ ಕಾರಣಕ್ಕೆ ಬ್ಲಾಕ್ಡ್ ಅಕೌಂಟ್ ತೆರೆಯಲು ಎರಡು ತಿಂಗಳು ಹಿಡಿದು, ಅವನು ಹೋಗುವಾಗ ಪಾಠ ಶುರುವಾಗಿ ಮೂರು ವಾರ ಆಗಿತ್ತು. ತಿದ್ದುಪಡಿ ಬೇಕಿದ್ದರೆ ಪಯ್ಯನ್ನೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಈಗಲೇ ದಿನ ತೆಗೆದುಕೊಳ್ಳಿ. ಲರ್ನಿಂಗ್ ಅಗ್ರಿಮೆಂಟಿನ ಪ್ರತಿ ಕೈಗೆ ಬಂದ ಮೇಲೆ ನನಗೆ ಒಮ್ಮೆ ಕಳಿಸಿ, ಯಾವ ಕೋರ್ಸಿನ ಎದುರು ಸಹಿ ಬಿಟ್ಟುಹೋಗಿದೆ ಎಂದು ನೋಡಿ ಹೇಳುತ್ತೇನೆ.